ಗಾಡಿ ಕೆಟ್ಟಿಲ್ಲ, ಹಳಿ ಬದಲಾಗಿದೆ: ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಮತ್ತು ಸಿಗದ ಡ್ರೈವರ್‌ಗಳ ಕತೆ

ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು. ಈ ದಾರಿಯ ರೈಲು ನಮಗೆಲ್ಲ ಗೊತ್ತಿರುವುದೇ. ಈಗ ಇದು ಬ್ರಾಡ್ ಗೇಜ್. ಎರಡು ಕಂಬಿಗಳ ನಡುವೆ 1,676 ಮಿಲಿಮೀಟರ್ ಅಂತರ. ಹಿಂದೆ ಇದೇ ದಾರಿ ಮೀಟರ್ ಗೇಜ್ ಆಗಿತ್ತು, ಅಂದರೆ ಬರೀ 1,000 ಮಿಲಿಮೀಟರ್. ಹಳಿ ಬದಲಾದಾಗ ಹಳೇ ಎಂಜಿನ್‌ಗಳಿಗೆ ಏನೂ ಆಗಿರಲಿಲ್ಲ. ಚಕ್ರ ಚೆನ್ನಾಗೇ ಇತ್ತು. ಆ ಚಕ್ರ ಕೂರುವ ಕಂಬಿ ಈ ದಾರಿಯಲ್ಲಿ ಇರಲಿಲ್ಲ, ಅಷ್ಟೇ.

ನಮ್ಮೂರುಗಳ ಮನೆಗಳಲ್ಲಿ ಈಗ ಬೀರು ಮೇಲೆ ಧೂಳು ತಿನ್ನುತ್ತಿರುವ ಲ್ಯಾಪ್‌ಟಾಪ್‌ಗಳ ಸ್ಥಿತಿಯೂ ಇದೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದೇ ಬೇಕು ಅನ್ನುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಈ ಗೆರೆಯ ಆಚೆಗೇ ಉಳಿದವು. ಅಣ್ಣ ಡಿಗ್ರಿ ಓದುವಾಗ ತಂದದ್ದು ಈಗ ಪಿಯುಸಿ ಓದುವ ತಂಗಿಗೆ ಬೇಕು. ಗುಜರಿಗೆ ಹಾಕಿದರೆ ಸಿಗುವುದು ನಾಲ್ಕು ಕಾಸು, ಹೊಸದು ತರೋಣ ಅಂದರೆ ಹಸು ಮಾರಬೇಕು.

ಇಂಥ ಕಡೆ ಯಾರಾದರೂ ಹುಡುಗರು ಲುಬುಂಟು, ಆಂಟಿಎಕ್ಸ್, ಪಪ್ಪಿ ಎಂಬ ಹಗುರ ಲಿನಕ್ಸ್ ಯಾವುದಾದರೂ ಹಾಕಿಕೊಡುತ್ತಾರೆ. ಮಷಿನ್ ಎದ್ದು ಕೂರುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ನೋಡಿದರೆ ವೈಫೈ ಇಲ್ಲ, ಇಲ್ಲವೇ ಪ್ರಿಂಟರ್ ಮಾತಾಡುವುದಿಲ್ಲ. ‘ಅಯ್ಯೋ, ಲಿನಕ್ಸೇ ಸರಿ ಇಲ್ಲ’ ಅಂತ ಲ್ಯಾಪ್‌ಟಾಪ್ ಮತ್ತೆ ಬೀರು ಮೇಲೆ ಹೋಗುತ್ತದೆ. ಅಷ್ಟು ಬೇಗ ಕೈಬಿಡುವುದು ಸರಿಯಲ್ಲ ಅಂತ ನಮಗನ್ನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ಸುಮಾರು ನಲವತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಡ್ರೈವರ್ ಅಂದರೆ ಏನು ಅಂತ ನೋಡಿಬಿಡೋಣ. ಇದು ಬಸ್ ಓಡಿಸುವ ಡ್ರೈವರ್ ಅಲ್ಲ. ಲ್ಯಾಪ್‌ಟಾಪ್ ಒಳಗಿರುವ ವೈಫೈ ಕಾರ್ಡ್, ಸೌಂಡ್ ಕಾರ್ಡ್, ಹೊರಗಿನಿಂದ ಚುಚ್ಚುವ ಪ್ರಿಂಟರ್, ಇವು ಒಂದೊಂದೂ ತನ್ನದೇ ಭಾಷೆಯಲ್ಲಿ ಮಾತಾಡುತ್ತವೆ. ಆ ಭಾಷೆ ಬಲ್ಲ ಸಣ್ಣ ತಂತ್ರಾಂಶವೇ ಡ್ರೈವರ್. ಭಾಷೆಯ ವ್ಯಾಕರಣ ಗೊತ್ತಿರುವುದು ಆ ಸಾಮಾನು ಮಾಡಿದ ಕಂಪನಿಗೆ. ಕಂಪನಿ ವಿಂಡೋಸ್‌ಗೆ ಮಾತ್ರ ಡ್ರೈವರ್ ಬರೆದು, ವ್ಯಾಕರಣವನ್ನು ಬೀಗ ಹಾಕಿ ಇಟ್ಟುಕೊಂಡರೆ ಲಿನಕ್ಸ್ ಬರೆಯುವವರಿಗೆ ದಾರಿ ಇಲ್ಲ.

ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪವರ್‌ಲೂಮ್ ಮೇಲೆ ಕೂತಿರುವ ಜಕಾರ್ಡ್ ನೋಡಿ. ರಟ್ಟಿನ ಕಾರ್ಡಿನಲ್ಲಿ ತೂತು ಇದ್ದರೆ ಒಂದು ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಸೀರೆಯ ಅಂಚಿನ ಹಂಸ, ಮಾವಿನಕಾಯಿ ಎಲ್ಲವೂ ಆ ತೂತುಗಳಲ್ಲೇ ಬರೆದಿರುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಈ ತಂತ್ರವೇ ಮುಂದೆ ಕಂಪ್ಯೂಟರಿನ ಪಂಚ್ ಕಾರ್ಡ್‌ಗೆ ದಾರಿ ತೋರಿದ್ದು. ಮಗ್ಗದ ಕಾರ್ಡಿನಲ್ಲಿ ಗುಟ್ಟಿಲ್ಲ. ಕಣ್ಣಿಗೆ ಕಾಣುವ ತೂತು, ಎಣಿಸಿದರೆ ಲೆಕ್ಕ ಸಿಗುತ್ತದೆ. ಮಗ್ಗದ ಭಾಗ ಸವೆದರೆ ಲೇತ್ ಅಂಗಡಿಯವರು ಹಳೆಯದನ್ನು ನೋಡಿ ಹೊಸದು ಕಡೆದುಕೊಡುತ್ತಾರೆ. ವೈಫೈ ಕಾರ್ಡ್ ಹಾಗಲ್ಲ. ಅದನ್ನು ಬಿಚ್ಚಿ ನೋಡಿದರೂ ಒಳಗಿನ ಭಾಷೆ ಕಾಣಿಸುವುದಿಲ್ಲ.

ಈ ಗುಟ್ಟಿನ ವಿರುದ್ಧದ ಮೊದಲ ಜಗಳ ಶುರುವಾದದ್ದು ಒಂದು ಪ್ರಿಂಟರಿನಿಂದ. 1980ರ ಸುಮಾರಿನ ಮಾತು. ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದು ಪದೇಪದೇ ಜಾಮ್ ಆಗುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಹಿಂದಿನ ಪ್ರಿಂಟರಿಗೆ ಒಂದು ಉಪಾಯ ಮಾಡಿದ್ದರು. ಪೇಪರ್ ಸಿಕ್ಕಿಕೊಂಡರೆ ಪ್ರಿಂಟ್‌ಗೆ ಕಾಯುತ್ತಿರುವವರ ಪರದೆಯ ಮೇಲೆ ಸಂದೇಶ ಬರುವಂತೆ ತಂತ್ರಾಂಶ ತಿದ್ದಿದ್ದರು. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಅದರ ತಂತ್ರಾಂಶದ ಮೂಲ ಬರಹವನ್ನು ಕಂಪನಿ ಕೊಟ್ಟಿರಲಿಲ್ಲ. ಬೇರೆ ವಿಶ್ವವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇನೆ ಅಂದರಂತೆ. ಸ್ಟಾಲ್ಮನ್ ಇದನ್ನು ಮರೆಯಲಿಲ್ಲ. 1983ರ ಸೆಪ್ಟೆಂಬರ್ 27ರಂದು ಗ್ನೂ ಯೋಜನೆ ಘೋಷಿಸಿದರು. ಎಲ್ಲರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುವ ಕೆಲಸ ಅದು.

ಎಂಟು ವರ್ಷದ ನಂತರ, 1991ರ ಆಗಸ್ಟ್ 25ರಂದು, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ ತಾನೊಂದು ಸಣ್ಣ ಕಾರ್ಯಾಚರಣೆ ವ್ಯವಸ್ಥೆ ಬರೆಯುತ್ತಿದ್ದೇನೆ ಎಂದು ತಿಳಿಸಿದ. ಇದು ಬರೀ ಹವ್ಯಾಸ, ತನ್ನ ಬಳಿ ಇರುವ ಬಗೆಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದಕ್ಕೆ ಇದು ಬಹುಶಃ ಯಾವತ್ತೂ ಹೊಂದುವುದಿಲ್ಲ ಎಂದೂ ಸೇರಿಸಿದ್ದ. ಅಂದರೆ ಲಿನಕ್ಸ್ ಹುಟ್ಟಿದ್ದೇ ‘ನಿಮ್ಮ ಸಾಮಾನು ಇದರಲ್ಲಿ ಓಡಲ್ಲ’ ಎಂಬ ಮಾತಿನೊಂದಿಗೆ! ಹಾಗಿದ್ದರೂ ಅದು ಬೆಳೆದದ್ದು, ತಮ್ಮ ತಮ್ಮ ಮೇಜಿನ ಮೇಲಿನ ಸಾಮಾನು ಓಡಿಸಲೇಬೇಕು ಎಂದು ಹಟ ಹಿಡಿದವರಿಂದ. ನಾಸಾದಲ್ಲಿ ಕೆಲಸ ಮಾಡುತ್ತಿದ್ದ ಡೊನಾಲ್ಡ್ ಬೆಕರ್ 1990ರ ದಶಕದಲ್ಲಿ ನೆಟ್‌ವರ್ಕ್ ಕಾರ್ಡ್‌ಗಳಿಗೆ ಒಂದಾದ ಮೇಲೊಂದು ಡ್ರೈವರ್ ಬರೆದುಕೊಟ್ಟರು. ಒಬ್ಬರು ಬರೆದರೆ ಸಾಕು, ಆಮೇಲೆ ಅದು ಎಲ್ಲರದ್ದು.

ಅದೇ 1991ರ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡವೂ ಇತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ಬೆಂಗಳೂರಿನ ಸಿಂಪ್ಯೂಟರ್

ಈ ಕತೆಯಲ್ಲಿ ನಮ್ಮ ಕಡೆಯವರ ಪಾಲೂ ಇದೆ. ಅದು ಸಣ್ಣದಲ್ಲ, ಆದರೂ ನಾವು ಹೆಚ್ಚು ನೆನೆಸಿಕೊಳ್ಳುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಾವೆಲ್ಲ ಟಾಟಾ ಇನ್ಸ್‌ಟಿಟ್ಯೂಟ್ ಅನ್ನುವ ಜಾಗದ, ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದರು. 2001ರಲ್ಲಿ ಯಂತ್ರವನ್ನು ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್, ಕಡ್ಡಿಯಿಂದ ಮುಟ್ಟುವ ಪರದೆ, ಒಳಗೆ ಲಿನಕ್ಸ್. ನಾವು ಮುಟ್ಟುಪರದೆ ಫೋನ್ ಹಿಡಿಯುವುದಕ್ಕೆ ಎಷ್ಟೋ ವರ್ಷ ಮೊದಲು.

ಅವರ ಯೋಚನೆ ಹಳ್ಳಿಯದೇ ಆಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೊಳ್ಳಲಾಗದು, ಊರಿಗೊಂದು ಇರಲಿ. ಪ್ರತಿಯೊಬ್ಬರ ಕೈಯಲ್ಲಿ ಒಂದು ಸ್ಮಾರ್ಟ್ ಕಾರ್ಡ್ ಇರಲಿ, ಕಾರ್ಡ್ ಹಾಕಿದರೆ ಅವರವರ ಮಾಹಿತಿ ಬರಲಿ. ಓದಲು ಬಾರದವರಿಗೆ ಯಂತ್ರವೇ ಓದಿ ಹೇಳಲಿ. ಅದಕ್ಕಾಗಿ ಬರಹವನ್ನು ಮಾತಾಗಿಸುವ ‘ಧ್ವನಿ’ ಎಂಬ ತಂತ್ರಾಂಶ ಬರೆದರು.

ಇದೆಲ್ಲಕ್ಕಿಂತ ನಮಗೆ ಮುಖ್ಯ ಅನ್ನಿಸುವುದು ಇನ್ನೊಂದು. ಸಿಂಪ್ಯೂಟರಿನ ಯಂತ್ರದ ವಿನ್ಯಾಸವನ್ನೇ ಅವರು ತೆರೆದ ಪರವಾನಗಿಯಲ್ಲಿ ಹೊರಗಿಟ್ಟರು. ಸ್ಟಾಲ್ಮನ್ ತಂತ್ರಾಂಶಕ್ಕೆ ಕೇಳಿದ್ದನ್ನು ಇವರು ಹಾರ್ಡ್‌ವೇರ್‌ಗೇ ಮಾಡಿದ್ದು. ಒಳಗೆ ಯಾವ ಚಿಪ್, ಅದು ಹೇಗೆ ಮಾತಾಡುತ್ತದೆ, ಎಲ್ಲ ಬಿಚ್ಚಿಟ್ಟ ಪುಸ್ತಕ. ಅಂಥ ಯಂತ್ರ ಇಪ್ಪತ್ತು ವರ್ಷ ಹಳೆಯದಾದರೂ ಅದಕ್ಕೆ ಡ್ರೈವರ್ ಬರೆಯಬಹುದು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೂ ತಂದರು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನ್ ಬಂದುಬಿಟ್ಟಿತ್ತು. ಸಿಂಪ್ಯೂಟರ್ ಸೋತಿತು ಎಂದು ಬರೆಯುವವರೇ ಹೆಚ್ಚು. ಆದರೆ ‘ಧ್ವನಿ’ ಸಾಯಲಿಲ್ಲ. ಮೂಲ ಬರಹ ತೆರೆದಿದ್ದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಎತ್ತಿಕೊಂಡು, ಮಾಮೂಲಿ ಲಿನಕ್ಸ್ ಕಂಪ್ಯೂಟರಿನಲ್ಲಿ ಹಲವು ಭಾರತೀಯ ಭಾಷೆಗಳಿಗೆ ಬೆಳೆಸಿದರು.

ವೈಫೈ ಕಾರ್ಡಿನ ಬೀಗ

ಈಗ ನಿಮ್ಮ ಲ್ಯಾಪ್‌ಟಾಪಿನ ವೈಫೈಗೆ ಬರೋಣ. 2000ದ ದಶಕದ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಬಹಳ ಇತ್ತು. ಲಿನಕ್ಸ್‌ಗೆ ಡ್ರೈವರ್ ಇರಲಿಲ್ಲ, ವಿವರಣೆಯೂ ಹೊರಗೆ ಇರಲಿಲ್ಲ. ಜನ ಮೊದಲು ಮಾಡಿದ್ದು ಒಂಥರಾ ಜುಗಾಡ್. ವಿಂಡೋಸ್‌ನ ಡ್ರೈವರನ್ನೇ ತಂದು, ಅದಕ್ಕೆ ‘ನೀನು ವಿಂಡೋಸ್ ಒಳಗೇ ಇದ್ದೀಯ’ ಎಂದು ನಂಬಿಸಿ ಲಿನಕ್ಸ್‌ನಲ್ಲಿ ಓಡಿಸುವುದು. ಎನ್‌ಡಿಐಎಸ್ ವ್ರ್ಯಾಪರ್ ಎಂದು ಅದರ ಹೆಸರು. ಕೆಲಸ ಮಾಡುತ್ತಿತ್ತು, ಆಗಾಗ ಇಡೀ ಮಷಿನ್ನನ್ನೇ ನಿಲ್ಲಿಸಿಯೂ ಬಿಡುತ್ತಿತ್ತು.

ಸರಿಯಾದ ದಾರಿ ಹಿಡಿದವರು ಕೆಲವು ಸ್ವಯಂಸೇವಕರು. ಅವರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರ್ ಚಿಪ್‌ಗೆ ಏನೇನು ಹೇಳುತ್ತದೆ ಎಂದು ಬಿಡಿಸಿ ನೋಡಿ, ಬರೀ ವಿವರಣೆ ಬರೆಯಿತು. ಇನ್ನೊಂದು ಗುಂಪು ಕಂಪನಿಯ ಬರಹವನ್ನು ಕಣ್ಣೆತ್ತಿಯೂ ನೋಡದೆ, ಆ ವಿವರಣೆ ಮಾತ್ರ ಓದಿ ಹೊಸ ಡ್ರೈವರ್ ಬರೆಯಿತು. ನಕಲು ಮಾಡಿದಿರಿ ಎಂದು ನಾಳೆ ಯಾರೂ ಕೋರ್ಟಿಗೆ ಎಳೆಯಬಾರದಲ್ಲ, ಅದಕ್ಕೆ. 2006ರಲ್ಲಿ ಬಂದ ಲಿನಕ್ಸ್ 2.6.17ರಲ್ಲಿ ಈ ಡ್ರೈವರ್ ಸೇರಿತು. ಮುಂದೆ ಬಿ43 ಎಂಬ ಹೆಸರಿನ ಹೊಸ ರೂಪ ಬಂತು.

ಒಂದು ತೊಡಕು ಮಾತ್ರ ಉಳಿಯಿತು. ಚಿಪ್ ಒಳಗೆ ಓಡುವ ಫರ್ಮ್‌ವೇರ್ ಎಂಬ ತುಣುಕು ಕಂಪನಿಯದ್ದೇ, ಅದನ್ನು ಹಂಚಲು ಅನುಮತಿ ಇಲ್ಲ. ಪ್ರತಿಯೊಬ್ಬರೂ ಇಂಟರ್ನೆಟ್‌ನಿಂದ ತಾವೇ ಇಳಿಸಿಕೊಳ್ಳಬೇಕು. ವೈಫೈ ಬರಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ವೈಫೈ ಬೇಕು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ! ಊರಿನಲ್ಲಿ ಕೇಬಲ್ ಇಂಟರ್ನೆಟ್ ಇಲ್ಲದವರ ಕತೆ ಅಲ್ಲಿಗೇ ನಿಲ್ಲುತ್ತಿತ್ತು.

ಈ ಗಂಟನ್ನು ಬಿಚ್ಚಿದ್ದು ನಮ್ಮ ಕೈಯಲ್ಲಿರುವ ಫೋನ್. ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಚುಚ್ಚಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಲಿನಕ್ಸ್ ಅದನ್ನು ತಂತಿ ಇಂಟರ್ನೆಟ್ ಎಂದೇ ತಿಳಿದು ಒಪ್ಪಿಕೊಳ್ಳುತ್ತದೆ. ಬೇರೆ ಡ್ರೈವರ್ ಬೇಡ. ಆ ನೆಟ್‌ನಿಂದ ವೈಫೈನ ಫರ್ಮ್‌ವೇರ್ ಇಳಿಸಿಕೊಂಡರಾಯಿತು. ಡೆಬಿಯನ್ ಬಳಗ ಇದರ ಬಗ್ಗೆ ವರ್ಷಗಟ್ಟಲೆ ಚರ್ಚೆ ಮಾಡಿತು. ಮುಕ್ತವಲ್ಲದ ಫರ್ಮ್‌ವೇರನ್ನು ನಮ್ಮ ಅಧಿಕೃತ ಡಿಸ್ಕಿನಲ್ಲಿ ಸೇರಿಸಬೇಕೇ ಬೇಡವೇ ಎಂದು 2022ರಲ್ಲಿ ಮತಕ್ಕೆ ಹಾಕಿ, ಸೇರಿಸೋಣ ಎಂದು ತೀರ್ಮಾನಿಸಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಹಲವು ಬಗೆಯ ವೈಫೈ ಮೊದಲ ದಿನವೇ ಏಳುತ್ತದೆ. ತತ್ವದ ದೃಷ್ಟಿಯಿಂದ ಇದು ರಾಜಿ ಅನ್ನುವವರಿದ್ದಾರೆ. ಹಳ್ಳಿಯಲ್ಲಿ ಕೂತು ನೋಡುವ ನಮಗೆ ಇದು ಸರಿಯಾದ ರಾಜಿ ಅನ್ನಿಸುತ್ತದೆ.

ಕಂಪನಿಗಳೂ ಬದಲಾದವು. ಅಥೆರೋಸ್ 2008ರಲ್ಲಿ ತಾನೇ ತೆರೆದ ಡ್ರೈವರ್ ಕೊಟ್ಟಿತು. ಬ್ರಾಡ್‌ಕಾಮ್ ಕೂಡ 2010ರ ಸೆಪ್ಟೆಂಬರಿನಲ್ಲಿ ತನ್ನ ಹೊಸ ಚಿಪ್‌ಗಳಿಗೆ ಕೊಟ್ಟಿತು. ಹಳೇ ಚಿಪ್‌ಗಳು ಇವತ್ತಿಗೂ ಓಡುವುದು ಆ ಎರಡು ಗುಂಪಿನವರ ಕೆಲಸದಿಂದಲೇ.

ಇಲ್ಲೊಂದು ಉಪಯೋಗದ ಮಾತು. ಯಾವ ಡ್ರೈವರ್ ಬೇಕು ಎಂದು ಹುಡುಕುವಾಗ ಲ್ಯಾಪ್‌ಟಾಪಿನ ಹೆಸರು ಹಾಕಿ ಹುಡುಕಬೇಡಿ. ಪ್ರತಿ ಚಿಪ್‌ಗೂ ನಾಲ್ಕು ಮತ್ತು ನಾಲ್ಕು ಅಕ್ಷರಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ, ನಮ್ಮ ಜಮೀನಿನ ಸರ್ವೆ ನಂಬರ್ ಇದ್ದಹಾಗೆ. ಮೊದಲ ನಾಲ್ಕು ಕಂಪನಿಯದ್ದು, ಮುಂದಿನ ನಾಲ್ಕು ಆ ಚಿಪ್ಪಿನದ್ದು. ಒಳಗಿನ ಕಾರ್ಡ್‌ಗಳಿಗೆ ಎಲ್‌ಎಸ್‌ಪಿಸಿಐ, ಹೊರಗೆ ಚುಚ್ಚಿದವಕ್ಕೆ ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆ ಕೊಟ್ಟರೆ ಲಿನಕ್ಸ್ ಪಟ್ಟಿ ಕೊಡುತ್ತದೆ. ಮೊದಲನೆಯದಕ್ಕೆ ಸಂಖ್ಯೆ ಕಾಣಲು ಅಡ್ಡಗೆರೆ ಹಾಕಿ ಎರಡು ‘ಎನ್’ ಸೇರಿಸಬೇಕು. ಇಂಟೆಲ್ ಕಂಪನಿಯ ಸಂಖ್ಯೆ 8086. 1978ರಲ್ಲಿ ಅದು ತಂದ ಪ್ರೊಸೆಸರಿನ ಹೆಸರೂ ಅದೇ, ನೆನಪಿಗೆ ಇಟ್ಟುಕೊಂಡಿದ್ದಾರೆ.

ಹೆಸರು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಎಂಬ ಯುಎಸ್‌ಬಿ ವೈಫೈ ಒಂದು ಉದಾಹರಣೆ. ಅದರ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ ಇತ್ತು, ಲಿನಕ್ಸ್‌ನಲ್ಲಿ ಸಲೀಸಾಗಿ ಓಡುತ್ತಿತ್ತು. ಎರಡನೇ ಆವೃತ್ತಿಗೆ ಅದೇ ಹೆಸರು, ಆದರೆ ಒಳಗೆ ರಿಯಲ್‌ಟೆಕ್ ಚಿಪ್. ಅಂಗಡಿಯಲ್ಲಿ ‘ಅದೇ ಸ್ವಾಮಿ ಇದು’ ಅಂದರೆ ಸುಳ್ಳೂ ಅಲ್ಲ, ನಿಜವೂ ಅಲ್ಲ.

ಜೆರಾಕ್ಸ್ ಅಂಗಡಿಯ ಪ್ರಿಂಟರ್

ಪಹಣಿ, ಅರ್ಜಿ, ಮಾರ್ಕ್ಸ್ ಕಾರ್ಡ್ ಪ್ರಿಂಟ್ ಹಾಕಿಸಲು ಹೋದಾಗ ಮೇಜಿನ ಮೇಲೆ ಗಮನಿಸಿ. ಕ್ಯಾನನ್ ಎಲ್‌ಬಿಪಿ 2900 ಅಥವಾ ಎಚ್‌ಪಿ ಲೇಸರ್‌ಜೆಟ್ 1020 ಎಷ್ಟೋ ಕಡೆ ಇನ್ನೂ ದುಡಿಯುತ್ತಿರುವುದು ಕಾಣುತ್ತದೆ. ಗಟ್ಟಿ ಮಷಿನ್‌ಗಳು, ಟೋನರ್ ತುಂಬಿಸಿದರೆ ಮುಗಿಯಿತು. ಆದರೆ ಬೆಲೆ ಕಡಿಮೆ ಮಾಡಲು ಇವುಗಳ ತಲೆಯನ್ನು ಸಣ್ಣದು ಮಾಡಿದ್ದಾರೆ. ಪುಟ ಹೇಗೆ ಕಾಣಬೇಕು ಎಂಬ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿ, ಕಂಪನಿಯ ಸ್ವಂತ ಭಾಷೆಯಲ್ಲಿ ಕಳಿಸಬೇಕು. ಎಚ್‌ಪಿ 1020 ಅಂತೂ ಆಫ್ ಆದರೆ ಎಲ್ಲ ಮರೆತುಬಿಡುತ್ತದೆ. ಪ್ರತಿ ಸಲ ಆನ್ ಮಾಡಿದಾಗ ಅದರ ಫರ್ಮ್‌ವೇರನ್ನು ಕಂಪ್ಯೂಟರ್ ಮತ್ತೆ ತುಂಬಬೇಕು. ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಕಡೆ ಇದನ್ನು ನೆನಪಿಡಬೇಕು. ಲಿನಕ್ಸ್‌ನಲ್ಲಿ ಪ್ರಿಂಟರ್ ಇದ್ದಕ್ಕಿದ್ದಂತೆ ಸುಮ್ಮನಾದರೆ ಎಷ್ಟೋ ಸಲ ಕಾರಣ ಇಷ್ಟೇ.

ಎಚ್‌ಪಿಯ ಈ ಬಗೆಯ ಪ್ರಿಂಟರ್‌ಗಳಿಗೆ ರಿಕ್ ರಿಚರ್ಡ್‌ಸನ್ ಎಂಬುವರು ಫೂ2ಝಡ್‌ಜೆಎಸ್ ಎಂಬ ಡ್ರೈವರ್ ಬರೆದು ಹಂಚಿದರು. ಕ್ಯಾನನ್ ತಾನೇ ಲಿನಕ್ಸ್‌ಗೆ ಒಂದು ಡ್ರೈವರ್ ಕೊಟ್ಟಿತ್ತು. ಆದರೆ ಒಳಗಿನ ಬರಹ ಮುಚ್ಚಿದ್ದು, ಮಾಮೂಲಿ ಪಿಸಿಯ ಪ್ರೊಸೆಸರಿಗೆ ಮಾತ್ರ. ಅಲೆಕ್ಸೇ ಗಲಾಖೋವ್ ಎಂಬುವರು 2900ರ ಭಾಷೆಯನ್ನು ಬಿಡಿಸಿ ತೆರೆದ ಡ್ರೈವರ್ ಬರೆದರು. ಇನ್ನೂ ಹಲವರು ಅದನ್ನು ತಿದ್ದುತ್ತಿದ್ದಾರೆ. ಸ್ಟಾಲ್ಮನ್ ಜಗಳ ಆಡಿದ್ದೂ ಪ್ರಿಂಟರಿಗೇ ಅಲ್ಲವೇ!

ಓಡಿದ ಮೇಲೆ ಕನ್ನಡ

ಲ್ಯಾಪ್‌ಟಾಪ್ ಎದ್ದು, ವೈಫೈ ಬಂದು, ಪ್ರಿಂಟ್ ಆಗಿ, ಕೊನೆಗೆ ಕನ್ನಡ ಬರೆಯಲು ಕೂತರೆ? ನಮ್ಮ ಸರ್ಕಾರಿ ಕಚೇರಿಗಳಲ್ಲಿ ವರ್ಷಗಟ್ಟಲೆ ಆಳಿದ್ದು ಕನ್ನಡ ಗಣಕ ಪರಿಷತ್ತಿನ ನುಡಿ. ಅದು ವಿಂಡೋಸ್‌ಗೆ ಬಂದದ್ದು. ಹಳೇ ನುಡಿಯ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು. ಕರ್ನಾಟಕ ಸರ್ಕಾರ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡ ಮೇಲೆ ಈ ಕಷ್ಟ ಕಡಿಮೆಯಾಗುತ್ತಾ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆಯ ದಾರಿಯಲ್ಲೇ ಬಂದ ನುಡಿ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ. ಎಂ17ಎನ್ ಎಂಬ ಪ್ಯಾಕೇಜ್ ಹಾಕಿ ಕೆಜಿಪಿ ಎಂಬುದನ್ನು ಆರಿಸಿಕೊಂಡರೆ ಕೈಗೆ ಅಭ್ಯಾಸವಾದ ಕೀಲಿಗಳೇ ಬರುತ್ತವೆ.

ಹಳೇ ಮಷಿನ್, ಲಿನಕ್ಸ್, ಕನ್ನಡ ಮೂರನ್ನೂ ಒಟ್ಟಿಗೆ ಓಡಿಸಿದವರು ಇದ್ದಾರೆ. ಬೆಂಗಳೂರಿನ ಗುರಪ್ಪನಪಾಳ್ಯದ ಹತ್ತಿರದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ಶುರುವಾಯಿತು. ಮುಕ್ತ ತಂತ್ರಾಂಶದ ಕಾರ್ಯಕರ್ತರು ಅಲ್ಲಿನ ಮಕ್ಕಳಿಗೆ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಸಿದರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ@ಸ್ಕೂಲ್ ಯೋಜನೆಯ ಕಾರಣದಿಂದ ಶಾಲೆಯಲ್ಲಿ ಲಿನಕ್ಸನ್ನೇ ಬಳಸಿ ಬೆಳೆದಿದ್ದಾರೆ. ಸಾವಿರಾರು ಶಾಲೆಗಳ ಬೇರೆ ಬೇರೆ ಕಂಪ್ಯೂಟರಿಗೆ ಹೊಂದುವಂತೆ ಬೇಕಾದ ಡ್ರೈವರ್, ಫಾಂಟ್ ಎಲ್ಲ ಸೇರಿಸಿದ ಒಂದೇ ಡಿಸ್ಕನ್ನು ಆ ಸರ್ಕಾರವೇ ಮಾಡಿ ಹಂಚುತ್ತದೆ. ಮೇಷ್ಟ್ರುಗಳು ಒಬ್ಬೊಬ್ಬರೇ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮಲ್ಲೂ 2011ರಿಂದ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ತರಬೇತಿ ಕೊಟ್ಟಿದೆ. ಅದು ಪ್ರತಿ ಶಾಲೆಯ ಲ್ಯಾಬಿನ ಮಾತಾಗಲಿಲ್ಲ ಎಂಬುದು ನಮ್ಮ ಕೊರಗು.

ಲಿನಕ್ಸ್ ಯಾರನ್ನೂ ಕೈಬಿಡುವುದಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಟೊರ್ವಾಲ್ಡ್ಸ್ ಮೊದಲು ಬರೆದದ್ದು ಇಂಟೆಲ್‌ನ 386 ಪ್ರೊಸೆಸರಿಗೆ. 2012ರ ಡಿಸೆಂಬರಿನಲ್ಲಿ ಆ 386ಕ್ಕೇ ಬೆಂಬಲ ತೆಗೆದರು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲ್ ಮಾಡುವ ಡಿಸ್ಕೇ ಇಲ್ಲ. ಹಾಗಾಗಿ ಡಿಸ್ಕ್ ಇಳಿಸಿಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪ್ 32 ಬಿಟ್ಟೋ 64 ಬಿಟ್ಟೋ ನೋಡಿಕೊಳ್ಳಿ. ವಿಂಡೋಸ್ 32 ಬಿಟ್‌ನದ್ದು ಇದ್ದ ಮಾತ್ರಕ್ಕೆ ಪ್ರೊಸೆಸರೂ 32 ಎಂದಲ್ಲ. 2008ರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು 64 ಬಿಟ್‌ನವೇ. ಎಲ್‌ಎಸ್‌ಸಿಪಿಯು ಎಂಬ ಆಜ್ಞೆ ಕೊಟ್ಟರೆ ಅದು 64 ಬಿಟ್ ಎಂದೂ ತೋರಿಸಿದರೆ ಹೊಸ ಡೆಬಿಯನ್ ಹಾಕಬಹುದು. ಬರೀ 32 ಎಂದಿದ್ದರೆ ಡೆಬಿಯನ್ 12 ಅಥವಾ ಆಂಟಿಎಕ್ಸ್‌ನ 32 ಬಿಟ್ ಆವೃತ್ತಿ ತೆಗೆದುಕೊಳ್ಳಿ. ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ರಿಪೇರಿ ಬರುತ್ತಿರುತ್ತದೆ.